ಬೇಸಿಗೆಗೆ ಬಾಗಿಲು ಹಾಕುವ ಕಂಪೆನಿ

ವ್ಯಾಪಾರವನ್ನು ಶಾಲೆಯಲ್ಲಿ ಕಲಿಸಬಹುದೇ ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ನಮ್ಮ ಪೇಟೆಬೀದಿಗಳಲ್ಲಿ ಬಹುಕಾಲ ಇದಕ್ಕೆ ಒಂದೇ ಉತ್ತರವಿತ್ತು. ಅಂಗಡಿಯವನ ಮಗ ಅಪ್ಪನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ಮೊದಲು ಪೊಟ್ಟಣ ಕಟ್ಟುವುದನ್ನು, ಆಮೇಲೆ ತಕ್ಕಡಿ ಹಿಡಿಯುವುದನ್ನು, ಕೊನೆಗೆ ಗಿರಾಕಿಯ ಮುಖ ನೋಡಿ ಇವನಿಗೆ ಸಾಲ ಕೊಡಬಹುದೋ ಬಾರದೋ ಎಂದು ನಿಶ್ಚಯಿಸುವುದನ್ನು ಕಲಿಯುತ್ತಿದ್ದ. ನೀರಿಗಿಳಿಯದೆ ಈಜು ಬಾರದೆಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಆದರೆ ಈ ಗುರುಕುಲದಲ್ಲಿ ಎಲ್ಲರಿಗೂ ಪ್ರವೇಶವಿರಲಿಲ್ಲ. ಅಪ್ಪನಿಗೆ ಅಂಗಡಿಯೇ ಇಲ್ಲದ ಹುಡುಗ ಎಲ್ಲಿಗೆ ಹೋಗಬೇಕು? ಅಂಗಡಿಯಿದ್ದರೂ ಗಲ್ಲಾದ ಹತ್ತಿರ ಸುಳಿಯಗೊಡದ ಮನೆಯ ಹುಡುಗಿ ಎಲ್ಲಿ ಕಲಿಯಬೇಕು? ಹೈಸ್ಕೂಲು ಮಕ್ಕಳಿಂದ ಅವರದೇ ಒಂದು ಪುಟ್ಟ ಕಂಪೆನಿಯನ್ನು ಕಟ್ಟಿಸಿ, ಷೇರು ಮಾರಿಸಿ, ಸರಕು ಮಾಡಿಸಿ, ಲಾಭನಷ್ಟದ ಲೆಕ್ಕ ಒಪ್ಪಿಸಿಕೊಂಡು, ವರ್ಷ ಮುಗಿಯುವ ಹೊತ್ತಿಗೆ ಆ ಕಂಪೆನಿಯನ್ನೇ ಮುಚ್ಚಿಸಿಬಿಡುವುದು ಈ ಪ್ರಶ್ನೆಗೆ ಅಮೆರಿಕದವರು ಕಂಡುಕೊಂಡ ಉತ್ತರ. ಒಂದು ಶತಮಾನವನ್ನು ದಾಟಿ ಬಂದಿರುವ ಈ ಪ್ರಯೋಗದ ಕಥೆ ಸ್ವಾರಸ್ಯವಾದದ್ದು. ಅದರಲ್ಲಿ ಆಟ ಎಲ್ಲಿ ಮುಗಿದು ನಿಜ ಎಲ್ಲಿ ಮೊದಲಾಗುತ್ತದೆಂಬ ಒಂದು ಗಂಭೀರವಾದ ಪ್ರಶ್ನೆಯೂ ಅಡಗಿದೆ.

ಈ ಕಥೆಗೊಂದು ಪೂರ್ವಪೀಠಿಕೆಯುಂಟು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕದ ಊರೂರುಗಳಲ್ಲಿ ವಾಣಿಜ್ಯ ಕಾಲೇಜುಗಳೆಂಬ ಖಾಸಗಿ ಶಾಲೆಗಳು ತಲೆಯೆತ್ತಿದುವು. ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿ ಎಂಬಲ್ಲಿ ಹಾರ್ವಿ ಈಸ್ಟ್‌ಮನ್ ಎಂಬಾತ 1859ರಲ್ಲಿ ತೆರೆದ ಕಾಲೇಜು ಅವುಗಳಲ್ಲಿ ಹೆಸರಾದುದು. ಅಲ್ಲಿ ಜಮಾಖರ್ಚನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿ ಬಿಡುತ್ತಿರಲಿಲ್ಲ. ಕಾಲೇಜಿನೊಳಗೇ ಒಂದು ಬ್ಯಾಂಕು ಇರುತ್ತಿತ್ತು. ವಿದ್ಯಾರ್ಥಿಗಳು ಕಾಲೇಜೇ ಅಚ್ಚುಹಾಕಿಸಿದ ನೋಟುಗಳನ್ನು ಕೊಟ್ಟು, ಕಣ್ಣಿಗೆ ಕಾಣದ ಸರಕನ್ನು ಕೊಂಡು ಮಾರಿ, ದಸ್ತಾವೇಜು ಬರೆದು, ಲೆಕ್ಕ ಮುಗಿಸಬೇಕಾಗಿತ್ತು. ಅಂಥ ನೋಟುಗಳನ್ನು ಇಂದು ಸಂಗ್ರಾಹಕರು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಕಾಲೇಜಿನ ಗೋಡೆಯಾಚೆ ಚಲಾವಣೆಯಿಲ್ಲದಿದ್ದ ಹಣಕ್ಕೆ ಈಗ ಬೆಲೆ ಬಂದಿದೆ. ಈ ಪದ್ಧತಿಯಿಂದ ಒಳ್ಳೆಯ ಗುಮಾಸ್ತರು ತಯಾರಾದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಷ್ಟವೆಂದರೇನು ಎಂಬುದನ್ನು ಮಾತ್ರ ಅಲ್ಲಿ ಕಲಿಯುವಂತಿರಲಿಲ್ಲ. ಅಲ್ಲಿ ತಪ್ಪಿದವನಿಗೆ ಅಂಕ ಹೋಗುತ್ತಿತ್ತು, ಹಣ ಹೋಗುತ್ತಿರಲಿಲ್ಲ.

ಮುಂದಿನ ಹೆಜ್ಜೆಯನ್ನಿಟ್ಟವರು ಶಿಕ್ಷಣತಜ್ಞರಲ್ಲ, ಉದ್ಯಮಪತಿಗಳು. ಮೆಸಾಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ 1919ರಲ್ಲಿ ಮೂವರು ಹಿರಿಯರು ಸೇರಿ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ಆರಂಭಿಸಿದರು. ಮೊದಲನೆಯವನು ಹೊರೇಸ್ ಮೋಸಸ್, ಸ್ಟ್ರಾತ್‌ಮೋರ್ ಕಾಗದದ ಕಂಪೆನಿಯ ಒಡೆಯ. ಎರಡನೆಯವನು ಥಿಯೊಡೋರ್ ವೇಲ್, ಅಮೆರಿಕದ ಟೆಲಿಫೋನು ತಂತಿಗಳನ್ನೆಲ್ಲ ಒಂದೇ ಜಾಲವಾಗಿ ಹೆಣೆದ ಎ. ಟಿ. ಅಂಡ್ ಟಿ. ಕಂಪೆನಿಯ ಅಧ್ಯಕ್ಷ. ಮೂರನೆಯವನು ವಿಂತ್ರಾಪ್ ಮರೆ ಕ್ರೇನ್, ಮೆಸಾಚುಸೆಟ್ಸಿನ ಗವರ್ನರನೂ ಸೆನೆಟರನೂ ಆಗಿದ್ದವನು. ಅವನ ಮನೆತನದ ಗಿರಣಿಯೂ ಕಾಗದದ್ದೇ. ಡಾಲರ್ ನೋಟುಗಳಿಗೆ 1879ರಿಂದ ಕಾಗದ ಒದಗಿಸಿದ ಗಿರಣಿ ಅದು. ದೇಶದ ನಿಜವಾದ ನೋಟು ಯಾರ ಕಾಗದದ ಮೇಲೆ ಅಚ್ಚಾಗುತ್ತಿತ್ತೋ ಆತನೇ ಮಕ್ಕಳ ಕೈಗೆ ನಿಜವಾದ ಹಣದ ವ್ಯವಹಾರ ಕೊಡುವ ಸಂಸ್ಥೆಗೆ ಕಾರಣನಾದದ್ದು ಒಂದು ವಿನೋದ. ವೇಲ್ ಮತ್ತು ಕ್ರೇನ್ ಇಬ್ಬರೂ 1920ರಲ್ಲಿಯೇ ತೀರಿಕೊಂಡರು. ಭಾರವೆಲ್ಲ ಮೋಸಸನ ಹೆಗಲಿಗೆ ಬಿತ್ತು. ಅವನು 1947ರವರೆಗೂ ಬದುಕಿದ್ದ.

ಆರಂಭದಲ್ಲಿ ಇದು ಕಂಪೆನಿಯ ಆಟವೇ ಆಗಿರಲಿಲ್ಲ. ಹಳ್ಳಿಗಳ ಮಕ್ಕಳು ಗುಂಪುಗುಂಪಾಗಿ ಕೈಗಾರಿಕೆಯ ಊರುಗಳಿಗೆ ವಲಸೆ ಬರುತ್ತಿದ್ದ ಕಾಲ ಅದು. ಉತ್ತುಬಿತ್ತಿ ಗೊತ್ತಿದ್ದ ಕೈಗಳಿಗೆ ಪಟ್ಟಣದ ಕಸುಬು ಗೊತ್ತಿರಲಿಲ್ಲ. ಅವರಿಗೆ ಮರಗೆಲಸ, ಲೋಹದ ಕೆಲಸ, ಹೊಲಿಗೆ ಮೊದಲಾದವನ್ನು ಕಲಿಸಬೇಕು, ಮಾಡಿದ್ದನ್ನು ಮಾರುವುದನ್ನೂ ಕಲಿಸಬೇಕು ಎಂಬುದು ಉದ್ದೇಶ. ಬಾಲಕ ಬಾಲಕಿಯರ ವಿಭಾಗ ಎಂಬುದು ಅದರ ಮೊದಲ ಹೆಸರು. ಬಾಲಕಿಯರು ಹೆಸರಿನಲ್ಲಿಯೇ ಇದ್ದರೆಂಬುದನ್ನು ಗಮನಿಸಬೇಕು. ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ 1925ರಲ್ಲಿ ಶ್ವೇತಭವನದ ಹುಲ್ಲುಹಾಸಿನ ಮೇಲೆ ಒಂದು ಸತ್ಕಾರಕೂಟ ನಡೆಸಿ ಇದರ ನಿಧಿಸಂಗ್ರಹಕ್ಕೆ ಚಾಲನೆ ಕೊಟ್ಟ. ಮರುವರ್ಷ ಸಂಸ್ಥೆ ಜೂನಿಯರ್ ಅಚೀವ್‌ಮೆಂಟ್ ಎಂಬ ಹೆಸರನ್ನು ಪಡೆಯಿತು. ಆ ದಶಕದ ಕೊನೆಯ ಹೊತ್ತಿಗೆ ಈಶಾನ್ಯ ಅಮೆರಿಕದ 13 ನಗರಗಳಲ್ಲಿ ಸುಮಾರು 800 ಸಂಘಗಳೂ 9,000 ಮಕ್ಕಳೂ ಇದ್ದರು.

ಕಾಲಕ್ರಮೇಣ ಕಸುಬಿನ ಸಂಘ ಹೋಗಿ ಹೈಸ್ಕೂಲು ವಯಸ್ಸಿನವರ ಕಂಪೆನಿ ಅದರ ಸ್ಥಾನಕ್ಕೆ ಬಂತು. ಅದರ ರೀತಿಯನ್ನು ವಾಚಕರಿಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಈ ವಿದ್ಯೆಯ ಮರ್ಮವೆಲ್ಲ ಆ ವಿವರದಲ್ಲಿಯೇ ಇದೆ. ಶಾಲೆಯ ವರ್ಷ ಮೊದಲಾದೊಡನೆ ಹದಿನೈದಿಪ್ಪತ್ತು ಮಂದಿ ಹುಡುಗ ಹುಡುಗಿಯರು ವಾರಕ್ಕೊಂದು ಸಂಜೆ ಸೇರುತ್ತಾರೆ. ಊರಿನ ಯಾವುದಾದರೊಂದು ವ್ಯವಹಾರ ಸಂಸ್ಥೆ ಅವರ ಬೆಂಬಲಕ್ಕೆ ನಿಂತು, ತಯಾರಿಕೆ, ಮಾರಾಟ, ಲೆಕ್ಕಪತ್ರ ಬಲ್ಲ ತನ್ನ ನೌಕರರನ್ನು ಸಲಹೆಗಾರರಾಗಿ ಕಳಿಸುತ್ತದೆ. ಮಕ್ಕಳು ತಮ್ಮ ಕಂಪೆನಿಗೊಂದು ಹೆಸರಿಟ್ಟು, ತಮ್ಮೊಳಗೇ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಮಾರಾಟದ ಮುಖ್ಯಸ್ಥ ಎಂದು ಅಧಿಕಾರಿಗಳನ್ನು ಚುನಾಯಿಸಿಕೊಳ್ಳುತ್ತಾರೆ. ಏನನ್ನು ತಯಾರಿಸಬೇಕೆಂದು ಚರ್ಚೆ ನಡೆಯುತ್ತದೆ. ಮೇಣದಬತ್ತಿಯೋ, ದೀಪದ ಕಂಬವೋ, ಮರದ ತಟ್ಟೆಯೋ, ಅಗ್ಗದ ಆಭರಣವೋ, ಅವರ ಕೈಗೂ ಊರಿನ ಅಗತ್ಯಕ್ಕೂ ಹೊಂದುವ ಏನಾದರೊಂದು ವಸ್ತು ನಿಶ್ಚಯವಾಗುತ್ತದೆ. ಬಂಡವಾಳಕ್ಕೆ ಷೇರು ಹೊರಡಿಸುತ್ತಾರೆ. 1950ರ ದಶಕದಲ್ಲಿ ಒಂದು ಷೇರಿನ ಬೆಲೆ ಅರ್ಧ ಡಾಲರು. ಸದಸ್ಯರು ತಾವೂ ಕೊಳ್ಳಬೇಕು. ಉಳಿದದ್ದನ್ನು ಅಪ್ಪ ಅಮ್ಮಂದಿರಿಗೆ, ನೆರೆಹೊರೆಯವರಿಗೆ, ಮೇಷ್ಟರುಗಳಿಗೆ ಮಾರಬೇಕು.

ಆಮೇಲಿನದೆಲ್ಲ ದೊಡ್ಡವರ ಲೋಕದ ನಡಾವಳಿಯೇ. ಕೆಲಸದ ವೇಳೆಗೆ ಕೂಲಿ ಕಟ್ಟಬೇಕು. ಅಧಿಕಾರಿಗಳಿಗೆ ಸಂಬಳ, ಮಾರಿದವರಿಗೆ ದಲ್ಲಾಳಿ ಹಣ, ಜಾಗಕ್ಕೂ ಉಪಕರಣಕ್ಕೂ ಬಾಡಿಗೆ. ಮೊತ್ತಗಳೆಲ್ಲ ಚಿಕ್ಕವು, ಆದರೆ ಒಂದೂ ಸುಳ್ಳಲ್ಲ. ಸರಕನ್ನು ಹೊತ್ತು ಮನೆಮನೆಯ ಬಾಗಿಲು ತಟ್ಟಬೇಕು. ಬೇಸಿಗೆಯ ರಜೆ ಬರುವ ಮುನ್ನ ಕಂಪೆನಿಯನ್ನು ಸಮಾಪ್ತಿಗೊಳಿಸಬೇಕು. ಉಳಿದ ಸಾಮಾನನ್ನು ಮಾರಿ, ಬಾಕಿ ತೀರಿಸಿ, ಅಢಾವೆ ಪತ್ರಿಕೆಯನ್ನು ಸಿದ್ಧಪಡಿಸಿ, ಪ್ರತಿಯೊಬ್ಬ ಷೇರುದಾರನಿಗೂ ವರದಿ ಕಳಿಸಬೇಕು. ಲಾಭವಾಗಿದ್ದರೆ ಅಸಲಿನ ಜೊತೆಗೆ ಲಾಭಾಂಶ. ನಷ್ಟವಾಗಿದ್ದರೆ ಅರ್ಧ ಡಾಲರಿನಲ್ಲಿ ಎಷ್ಟು ಉಳಿಯಿತೋ ಅಷ್ಟು, ಅದರೊಡನೆ ಏಕೆ ಹಾಗಾಯಿತೆಂಬ ವಿವರಣೆ.

ಈ ಅರ್ಧ ಡಾಲರಿನ ಮಹಿಮೆ ಸಾಮಾನ್ಯವಾದುದಲ್ಲ. ಪಕ್ಕದ ಮನೆಯಾಕೆಗೆ ಆ ಹಣ ಹೋದರೆ ಊಟ ತಪ್ಪುವುದಿಲ್ಲ. ಆದರೆ ಹುಡುಗಿ ಮಾರ್ಚಿಯಲ್ಲೋ ಏಪ್ರಿಲ್ಲಿನಲ್ಲೋ ಮತ್ತೆ ಆ ಬಾಗಿಲಿಗೆ ಹೋಗಿ, "ನಿಮ್ಮ ಹಣದಲ್ಲಿ ಇಷ್ಟು ಹೋಯಿತು" ಎಂದು ಹೇಳಬೇಕಾಗುತ್ತದಲ್ಲ, ಆ ನಡಿಗೆಯ ಪಾಠವನ್ನು ಯಾವ ಪುಸ್ತಕವೂ ಕಲಿಸಲಾರದು. ಪರರ ಹಣವೆಂದರೆ ಏನು, ನಂಬಿಕೆಯೆಂದರೆ ಏನು, ಬೆಲೆಯನ್ನು ಹತ್ತು ಸೆಂಟು ಏರಿಸೋಣವೆಂದು ಕೈಯೆತ್ತಿದಾಗ ತಾನು ಏನನ್ನು ಒಪ್ಪಿಕೊಂಡೆ ಎಂಬುದೆಲ್ಲ ಅಲ್ಲಿ ಅರ್ಥವಾಗುತ್ತದೆ. ಪೊಕೀಪ್ಸಿಯ ಕಾಲೇಜು ನೋಟಿಗೂ ಈ ಅರ್ಧ ಡಾಲರಿಗೂ ಇರುವ ಅಂತರ ಇದೇ. ನಷ್ಟ ಚಿಕ್ಕದಾಗಿರಬೇಕು, ಆದರೆ ನಿಜವಾಗಿರಬೇಕು ಎಂಬುದನ್ನು ಸ್ಪ್ರಿಂಗ್‌ಫೀಲ್ಡಿನವರು ಬಾಯಿಬಿಟ್ಟು ಸಾರಿದರೋ ಇಲ್ಲವೋ, ಅವರ ಏರ್ಪಾಡಿನಲ್ಲಿ ಅದು ತಾನಾಗಿಯೇ ಸೇರಿಕೊಂಡಿತ್ತು.

ದೊಡ್ಡವರ ವ್ಯಾಪಾರವೇ ಕುಸಿದುಬಿದ್ದ ಕಾಲವನ್ನೂ ಈ ಮಕ್ಕಳ ವ್ಯಾಪಾರ ದಾಟಬೇಕಾಯಿತು. 1929ರಲ್ಲಿ ನ್ಯೂಯಾರ್ಕಿನ ಷೇರುಪೇಟೆ ಮುರಿಯಿತು. 1933ರ ವೇಳೆಗೆ ಅಮೆರಿಕದ ದುಡಿಯುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಅಪ್ಪ ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತಿರುವಾಗ ಮಗನಿಗೆ ಲಾಭಾಂಶದ ಪಾಠ ಹೇಳುವುದು ಸುಲಭದ ಮಾತಲ್ಲ. ಆದರೂ ಸಂಸ್ಥೆ ಉಳಿಯಿತು. ಎರಡನೆಯ ಮಹಾಯುದ್ಧ ಬಂದಾಗ ಅದಕ್ಕೊಂದು ಹೊಸ ಹುರುಪೂ ಬಂತು. ಷಿಕಾಗೋದ ಮಕ್ಕಳ ಕಂಪೆನಿಯೊಂದು ಸೈನ್ಯಕ್ಕೆ ಷರಾಯಿ ತೂಗುಹಾಕುವ 10,000 ಹ್ಯಾಂಗರುಗಳನ್ನು ಮಾಡಿಕೊಡುವ ಗುತ್ತಿಗೆ ಪಡೆಯಿತು. ಪಿಟ್ಸ್‌ಬರ್ಗಿನ ಮಕ್ಕಳು ಬೆಂಕಿಬಾಂಬುಗಳನ್ನು ಅಪಾಯವಿಲ್ಲದೆ ಹೊತ್ತೊಯ್ಯುವಂಥ, ಒಳಗೆ ಲೇಪನವಿರುವ ಪೆಟ್ಟಿಗೆಯೊಂದನ್ನು ತಯಾರಿಸಿ ನಾಗರಿಕ ರಕ್ಷಣಾ ಇಲಾಖೆಯ ಒಪ್ಪಿಗೆ ಗಳಿಸಿದರು. ಕಾಲ್ಗೇಟ್, ಪೆನ್ನಿ ಮೊದಲಾದ ದೊಡ್ಡ ಉದ್ಯಮಪತಿಗಳು 1940ರ ದಶಕದಲ್ಲಿ ಮುಂದೆ ಬಂದು ಇದನ್ನು ದೇಶದಾದ್ಯಂತ ಹರಡಿದರು.

ದೇಶದಾದ್ಯಂತ ಹರಡಿದಾಗ ಅದರ ಬಣ್ಣವೂ ಸ್ವಲ್ಪ ಬದಲಾಯಿತು. ಅಧ್ಯಕ್ಷ ಐಸನ್‌ಹೋವರ್ 1955ರಲ್ಲಿ ಒಂದು ವಾರವನ್ನು ಇದರ ರಾಷ್ಟ್ರೀಯ ಸಪ್ತಾಹವೆಂದು ಸಾರಿದಾಗ 139 ನಗರಗಳಲ್ಲಿ ಈ ಕಂಪೆನಿಗಳು ನಡೆಯುತ್ತಿದ್ದುವು. ಅದು ಶೀತಲಸಮರದ ಕಾಲ. ಹಳ್ಳಿಯ ಮಕ್ಕಳಿಗೆ ಕಸುಬು ಕಲಿಸಲು ಹುಟ್ಟಿದ ಸಂಸ್ಥೆ ಈಗ ಖಾಸಗಿ ಉದ್ಯಮವೆಂಬ ಸಿದ್ಧಾಂತದ ಪಾಠಶಾಲೆಯೂ ಆಯಿತು. ಸಿದ್ಧಾಂತಕ್ಕಾಗಿ ಕಟ್ಟಿದ ಮಾದರಿಯಲ್ಲಿ ಏನನ್ನು ಬಿಟ್ಟಿದ್ದಾರೆಂದು ನೋಡಿದರೆ ಬಹಳ ತಿಳಿಯುತ್ತದೆ. ಈ ಪುಟ್ಟ ಕಂಪೆನಿಯಲ್ಲಿ ಷೇರುದಾರನೂ ಅವನೇ, ಅಧಿಕಾರಿಯೂ ಅವನೇ, ಮೇಣ ಕಾಯಿಸುವ ಕೂಲಿಯಾಳೂ ಅವನೇ. ಕೂಲಿ ಹೆಚ್ಚಾದರೆ ಲಾಭ ಕಡಮೆಯಾದೀತು. ಆದರೆ ಎಡಜೇಬಿನಿಂದ ಹೋದದ್ದು ಬಲಜೇಬಿಗೆ ಬಂತು ಎಂದು ಸಮಾಧಾನಪಟ್ಟುಕೊಳ್ಳಬಹುದು. ಹೊರಗಿನ ಲೋಕದಲ್ಲಿ ಈ ಎರಡು ಜೇಬುಗಳು ಬೇರೆ ಬೇರೆ ಮನುಷ್ಯರವು. ಮಿಷಿಗನ್ ರಾಜ್ಯದ ಫ್ಲಿಂಟ್ ನಗರದ ಮೋಟಾರು ಕಾರ್ಖಾನೆಗಳಲ್ಲಿ 1936ರ ಕೊನೆಯಲ್ಲಿ ಕೂಲಿಗಾರರು ಯಂತ್ರಗಳ ಪಕ್ಕದಲ್ಲಿಯೇ ಕುಳಿತು ಮುಷ್ಕರ ಹೂಡಿ 44 ದಿನ ಮೇಲೇಳದೆ ಇದ್ದುದು ಆ ಕಾರಣಕ್ಕೆ. ಮಕ್ಕಳ ಕಂಪೆನಿಯಲ್ಲಿ ಮುಷ್ಕರ ಹುಟ್ಟಲು ಅವಕಾಶವೇ ಇಲ್ಲ. ಅಲ್ಲಿ ಕಲಿತು ಬಂದವನು ನಾಳೆ ಮ್ಯಾನೇಜರನಾದಾಗ ತನ್ನೆದುರು ನಿಂತ ಕೂಲಿಗಾರ ತನ್ನಂತೆ ಷೇರುದಾರನಲ್ಲವೆಂಬುದನ್ನು ಹೊಸದಾಗಿ ಕಲಿಯಬೇಕಾಗುತ್ತದೆ.

ಸಿದ್ಧಾಂತದ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ವ್ಯವಹಾರವನ್ನು ಆಟವಾಗಿ ಆಡಿಸಿ ಕಲಿಸುವುದು ಬಂಡವಾಳಶಾಹಿಯ ಸ್ವತ್ತೇನೂ ಅಲ್ಲ. ಸೋವಿಯೆತ್ ರಷ್ಯದ ಲೆನಿನ್‌ಗ್ರಾಡಿನಲ್ಲಿ 1932ರಲ್ಲಿ ಮರಿಯಾ ಬಿರ್‌ಷ್ಟೈನ್ ಎಂಬ ಮಹಿಳೆ ಟೈಪ್‌ರೈಟರ್ ಕಾರ್ಖಾನೆಯೊಂದರ ಆಡಳಿತಗಾರರಿಗೆ ಹೊಸ ತಯಾರಿಕೆಯನ್ನು ಆರಂಭಿಸುವ ಕ್ರಮವನ್ನು ಆಟದ ಮೂಲಕ ಕಲಿಸಿದಳು. ಆಡಳಿತದ ಆಟಗಳ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಇದನ್ನೇ ಮೊದಲನೆಯದೆಂದು ಎಣಿಸುತ್ತಾರೆ. ಅಲ್ಲಿ ಷೇರೂ ಇಲ್ಲ, ಲಾಭಾಂಶವೂ ಇಲ್ಲ; ಬಿಡಿಭಾಗ ಹೊತ್ತಿಗೆ ಬರಲಿಲ್ಲವಾದರೆ ಏನು ಮಾಡಬೇಕೆಂಬ ಚಿಂತೆ ಮಾತ್ರ ಇತ್ತು. ಆ ಚಿಂತೆ ಎಲ್ಲ ರಾಜ್ಯಪದ್ಧತಿಗಳಿಗೂ ಸಮಾನವಾದುದು.

ಅಮೆರಿಕದಲ್ಲಿ ಆಟದ ಇನ್ನೊಂದು ಕವಲು ಹೊರಟದ್ದು ಯುದ್ಧವಿದ್ಯೆಯಿಂದ. ನೌಕಾಪಡೆಯ ಕಾಲೇಜಿನಲ್ಲಿ ಅಧಿಕಾರಿಗಳು ನಕಾಶೆಯ ಮೇಲೆ ಸಮುದ್ರಯುದ್ಧವನ್ನು ಆಡಿ ಕಲಿಯುವುದನ್ನು ಕಂಡು, ಅಮೆರಿಕದ ಆಡಳಿತಗಾರರ ಸಂಘ ಅದೇ ಮಾದರಿಯಲ್ಲಿ ಕಂಪೆನಿಗಳ ಪೈಪೋಟಿಯನ್ನು ಆಡಿಸಬಹುದೆಂದು ಯೋಚಿಸಿತು. 1957ರಲ್ಲಿ ಐ. ಬಿ. ಎಂ. ಗಣಕಯಂತ್ರದ ನೆರವಿನಿಂದ ಆ ಆಟ ಸಿದ್ಧವಾಯಿತು. ತಂಡಗಳು ಬೆಲೆ, ತಯಾರಿಕೆ, ಜಾಹೀರಾತು, ಸಂಶೋಧನೆಗಳಿಗೆ ಹಣ ಹಂಚಿ ಚೀಟಿ ಕೊಡುವುದು. ಯಂತ್ರ ಲೆಕ್ಕ ಹಾಕಿ ಮಾರುಕಟ್ಟೆ ಯಾರ ಪಾಲಾಯಿತೆಂದು ಹೇಳುವುದು. ಒಂದು ವರ್ಷದ ವ್ಯಾಪಾರವನ್ನು ಒಂದು ಮಧ್ಯಾಹ್ನದೊಳಗೆ ಮುಗಿಸಬಹುದಾಯಿತು. ಇದು ದೊಡ್ಡ ಅಧಿಕಾರಿಗಳ ಆಟ. ಶಾಲೆಗೆ ಇಳಿದು ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. ಮಿನ್ನೆಸೋಟದ ಬಾಬ್ ಜೇಮಿಸನ್ 1973ರಲ್ಲಿ ಬರೆದ ನಿಂಬೆಪಾನಕದ ಅಂಗಡಿಯ ಆಟ ಅಲ್ಲಿನ ಶಾಲೆಗಳ ಗಣಕಯಂತ್ರಗಳಲ್ಲಿ ಪ್ರಸಿದ್ಧವಾಯಿತು. ಕೈಯಲ್ಲಿ ಎರಡು ಡಾಲರು. ಇಂದು ಎಷ್ಟು ಲೋಟ ಪಾನಕ ಮಾಡುತ್ತೀ, ಎಷ್ಟು ಫಲಕ ಹಚ್ಚುತ್ತೀ, ಲೋಟಕ್ಕೆ ಎಷ್ಟು ಬೆಲೆ? ಉತ್ತರ ಕೊಟ್ಟಾದ ಮೇಲೆ ಗುಡುಗು ಮಳೆ ಬಂದು ಎಲ್ಲವನ್ನೂ ಕೊಚ್ಚಿಕೊಂಡು ಹೋಗಬಹುದು. ಜೂನಿಯರ್ ಅಚೀವ್‌ಮೆಂಟ್ ಕೂಡ 1980ರ ದಶಕದಲ್ಲಿ ಹೈಸ್ಕೂಲುಗಳಿಗಾಗಿ ಇಂಥದೇ ಒಂದು ಗಣಕಯಂತ್ರದ ಆಟವನ್ನು ತಂದಿತು. ಬೆಲೆ, ತಯಾರಿಕೆ, ಪ್ರಚಾರ, ಯಂತ್ರೋಪಕರಣ, ಸಂಶೋಧನೆ ಎಂಬ ಐದು ನಿರ್ಧಾರಗಳ ಮೇಲೆ ಮಕ್ಕಳ ತಂಡಗಳು ಒಂದರೊಡನೊಂದು ಸೆಣಸಬೇಕಾಗಿತ್ತು. ಸೋವಿಯೆತ್ ಒಕ್ಕೂಟ ಒಡೆದ 1991ರಲ್ಲಿ ರಷ್ಯಕ್ಕೂ ಸಂಸ್ಥೆ ಕಾಲಿಟ್ಟಿತು. ಬಿರ್‌ಷ್ಟೈನಳ ನಾಡಿಗೆ ಆಟ ಬೇರೊಂದು ವೇಷದಲ್ಲಿ ಮರಳಿತೆನ್ನಬಹುದು.

ಯೂರೋಪು ತನ್ನದೇ ದಾರಿಗಳನ್ನು ಹಿಡಿಯಿತು. ಹ್ಯಾಂಬರ್ಗಿನಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಲಂಡನ್ನಿಗೆ ಬಂದು ನೆಲೆಸಿದ ಬ್ಯಾಂಕರ್ ವಾಲ್ಟರ್ ಸಾಲೊಮನ್ 1962ರಲ್ಲಿ ಅಮೆರಿಕದ ಮಾದರಿಯಲ್ಲಿಯೇ ಯಂಗ್ ಎಂಟರ್‌ಪ್ರೈಸ್ ಎಂಬ ಸಂಸ್ಥೆಯನ್ನು ಬ್ರಿಟನ್ನಿನಲ್ಲಿ ಕಟ್ಟಿದ. ಜರ್ಮನಿ, ಆಸ್ಟ್ರಿಯಗಳಲ್ಲಾದರೋ ಪೊಕೀಪ್ಸಿಯ ಹಳೆಯ ಉಪಾಯವೇ ಬೇರೆ ರೂಪದಲ್ಲಿ ಬೆಳೆದಿತ್ತು. ಅಭ್ಯಾಸದ ಕಂಪೆನಿ ಎಂದು ಅದಕ್ಕೆ ಹೆಸರು. ಅಲ್ಲಿನ ತರಗತಿ ಒಂದು ಕಚೇರಿಯೇ ಸರಿ: ಟಪಾಲು, ಖರೀದಿ, ಮಾರಾಟ, ಸಂಬಳ ಬಟವಾಡೆ ಎಂದು ಮೇಜುಗಳು. ಸರಕು ಇಲ್ಲ, ಹಣವೂ ಇಲ್ಲ. ಆದರೆ ಇಲ್ಲದ ಸರಕಿನ ಬಿಲ್ಲು ಇನ್ನೊಂದು ಶಾಲೆಯ ಅಭ್ಯಾಸದ ಕಂಪೆನಿಗೆ ನಿಜವಾಗಿ ಹೋಗುತ್ತದೆ, ಅಲ್ಲಿಂದ ತಕರಾರಿನ ಪತ್ರ ನಿಜವಾಗಿ ಬರುತ್ತದೆ. ಇವುಗಳನ್ನೆಲ್ಲ ದೇಶದೇಶಗಳ ನಡುವೆ ಜೋಡಿಸಲು ಜರ್ಮನಿಯ ಎಸ್ಸೆನ್ ನಗರದಲ್ಲಿ 1993ರಲ್ಲಿ ಒಂದು ಕೇಂದ್ರ ಆರಂಭವಾಯಿತು. ನ್ಯೂಯಾರ್ಕ್ ನಗರದ ಶಾಲೆಗಳು 1996ರಲ್ಲಿ ಈ ಯೂರೋಪಿನ ಪದ್ಧತಿಯನ್ನು ತಂದುಕೊಂಡುವು. ಪೊಕೀಪ್ಸಿ ಅದೇ ನ್ಯೂಯಾರ್ಕ್ ರಾಜ್ಯದ ಊರಾದ್ದರಿಂದ, ತವರಿನಿಂದ ಹೋದ ಮಗಳು ಬೇರೆ ಭಾಷೆ ಕಲಿತು ತವರಿಗೆ ಬಂದಂತಾಯಿತು.

ಹೀಗೆ ಇಂದು ಮೂರು ಬಗೆಯ ಮಕ್ಕಳ ಕಂಪೆನಿಗಳು ನಮ್ಮ ಮುಂದಿವೆ. ನಿಜವಾದ ಸರಕನ್ನು ನಿಜವಾದ ಹಣಕ್ಕೆ ಮಾರುವುದು ಒಂದು. ಕಾಗದಪತ್ರ ಮಾತ್ರ ನಿಜವಾಗಿದ್ದು ಸರಕು ಸುಳ್ಳಾಗಿರುವುದು ಎರಡನೆಯದು. ಎಲ್ಲವೂ ಯಂತ್ರದೊಳಗೆ ನಡೆಯುವುದು ಮೂರನೆಯದು. ಒಂದೊಂದಕ್ಕೂ ಅದರದರ ಗುಣವುಂಟು. ಮೇಣದಬತ್ತಿಯ ಕಂಪೆನಿ ಒಂದು ವರ್ಷದಲ್ಲಿ ಒಂದು ಸಲ ಮಾತ್ರ ಸೋಲಬಲ್ಲುದು. ಗಣಕಯಂತ್ರದ ಕಂಪೆನಿ ಒಂದು ಮಧ್ಯಾಹ್ನದಲ್ಲಿ ಹತ್ತು ಸಲ ಸೋತು ಹತ್ತು ಸಲ ಕಾರಣ ಹುಡುಕಬಲ್ಲುದು. ಬೆಲೆಗೂ ಬೇಡಿಕೆಗೂ ಇರುವ ಸಂಬಂಧವನ್ನು ತಿಳಿಯಲು ಅದಕ್ಕಿಂತ ಉತ್ತಮ ಸಾಧನ ಸಿಗಲಾರದು. ಜಾಲಬದ್ಧವಾದ ಅಭ್ಯಾಸದ ಕಂಪೆನಿ ಕಚೇರಿಯ ಶಿಸ್ತನ್ನು ಕಲಿಸುವಷ್ಟು ಚೆನ್ನಾಗಿ ಉಳಿದೆರಡೂ ಕಲಿಸಲಾರವು. ಆದರೆ ಯಂತ್ರದೊಳಗಿನ ಗಿರಾಕಿಗೆ ಮುಖವಿಲ್ಲ. ಅವನನ್ನು ಕಳೆದುಕೊಂಡರೆ ಒಂದು ಅಂಕೆ ಕಡಮೆಯಾಗುತ್ತದೆ. ಯಾರ ಹಣವೂ ಹೋಗದ ಕಡೆ ಸಾಹಸ ಬಹಳ ಸುಲಭ. ಗುಂಡಿ ಒತ್ತಿದರೆ ಮತ್ತೆ ಎರಡು ಡಾಲರಿನಿಂದ ಮೊದಲಾಗುತ್ತದೆ. ಪರರ ಕೋಟಿಗಳನ್ನು ಅಂಕೆಗಳಾಗಿ ಮಾತ್ರ ಕಂಡವರು 2008ರಲ್ಲಿ ಜಗತ್ತಿನ ಬ್ಯಾಂಕುಗಳನ್ನು ಎಲ್ಲಿಗೆ ತಂದು ನಿಲ್ಲಿಸಿದರೆಂಬುದನ್ನು ಕಂಡ ಮೇಲೆ, ಈ ಭೇದವನ್ನು ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ.

ಅಮೆರಿಕದ ಸಂಸ್ಥೆ 1975ರಲ್ಲಿ ತರಗತಿಯ ಕೋಣೆಯನ್ನು ಪ್ರವೇಶಿಸಿತು. ಅಂದಿನಿಂದ ಸ್ವಯಂಸೇವಕರು ಶಾಲೆಯ ವೇಳೆಯಲ್ಲಿಯೇ ಬಂದು ಪಾಠ ಹೇಳುವ ಪದ್ಧತಿ ಬೆಳೆದು, ಸಂಜೆಯ ಕಂಪೆನಿಗಳು ಅದರ ಅನೇಕ ಕಾರ್ಯಗಳಲ್ಲಿ ಒಂದಾದುವು. ಇಂದು ಅದು ನೂರಕ್ಕೂ ಹೆಚ್ಚು ದೇಶಗಳಲ್ಲಿ ಕೆಲಸ ಮಾಡುತ್ತಿದೆ. ನಮ್ಮ ದೇಶವೂ ಅವುಗಳಲ್ಲಿ ಒಂದು. ಮಕ್ಕಳ ಸಂಖ್ಯೆಯ ದೃಷ್ಟಿಯಿಂದ ಇದು ದೊಡ್ಡ ವಿಸ್ತಾರ. ಕೆಲವು ಗಂಟೆಗಳ ಪಾಠವನ್ನು ಲಕ್ಷಾಂತರ ಮಕ್ಕಳಿಗೆ ಹಂಚಬಹುದು, ಆದರೆ ಒಂದು ಇಡೀ ವರ್ಷದ ಕಂಪೆನಿಯನ್ನು ಅಷ್ಟು ಮಂದಿಗೆ ಕಟ್ಟಿಕೊಡಲಾಗದು. ಹೆಚ್ಚು ಮಕ್ಕಳಿಗೆ ಸ್ವಲ್ಪವೋ, ಕೆಲವೇ ಮಕ್ಕಳಿಗೆ ಪೂರ್ತಿಯೋ ಎಂಬ ಪ್ರಶ್ನೆಯನ್ನು ಶಿಕ್ಷಣದ ಎಲ್ಲ ಶಾಖೆಗಳೂ ಎದುರಿಸಿವೆ. ಇಲ್ಲಿಯೂ ಅದು ತೀರಿಲ್ಲ.

ನಮ್ಮ ಶಾಲೆಗಳಲ್ಲಿಯೂ ಉದ್ಯಮಶೀಲತೆಯ ಮಾತು ಈಗ ಹೆಚ್ಚಾಗಿ ಕೇಳಿಬರುತ್ತಿದೆ. ಹೊಸ ಕಂಪೆನಿಯನ್ನು ಹೂಡುವುದು ಹೇಗೆ, ಬಂಡವಾಳ ತರುವುದು ಹೇಗೆಂದು ಮಕ್ಕಳಿಗೆ ಹೇಳುವವರಿಗೆ ಕೊರತೆಯಿಲ್ಲ. ಆರಂಭದ ಸಡಗರವನ್ನು ಎಲ್ಲರೂ ಕಲಿಸುತ್ತಾರೆ. ಸ್ಪ್ರಿಂಗ್‌ಫೀಲ್ಡಿನ ಕಾಗದದ ವ್ಯಾಪಾರಿ ಬಿಟ್ಟುಹೋದ ಪದ್ಧತಿಯಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದದ್ದು ಅದರ ಕೊನೆಯನ್ನು. ದೊಡ್ಡವರ ಕಂಪೆನಿಗಳು ಮುಚ್ಚುವಾಗ ಎಷ್ಟೋ ವೇಳೆ ರಾತ್ರೋರಾತ್ರಿ ಮುಚ್ಚುತ್ತವೆ. ಠೇವಣಿಯಿಟ್ಟವರು ಬೆಳಗ್ಗೆ ಬಂದು ಬೀಗ ನೋಡುತ್ತಾರೆ. ಮಕ್ಕಳ ಕಂಪೆನಿ ಹಾಗೆ ಮುಚ್ಚುವುದಿಲ್ಲ. ರಜೆಗೆ ಮುನ್ನ ಬಾಕಿಯೆಲ್ಲ ತೀರಬೇಕು, ಲೆಕ್ಕ ಎಲ್ಲರ ಮುಂದೆ ಬರಬೇಕು, ಷೇರುದಾರನ ಮನೆಗೆ ಖಜಾಂಚಿಯೇ ಹೋಗಬೇಕು. ಹದಿನಾರರ ವಯಸ್ಸಿನಲ್ಲಿ ಹಾಗೆ ಒಮ್ಮೆ ಬಾಗಿಲು ತಟ್ಟಿದವನು ಮುಂದೆ ವ್ಯಾಪಾರಿಯಾಗದೆ ಗುಮಾಸ್ತನೋ ಮೇಷ್ಟರೋ ಆದರೂ, ಪರರ ಹಣಕ್ಕೆ ಕೈ ಚಾಚುವ ಮೊದಲು ಒಂದು ಗಳಿಗೆ ನಿಂತು ಯೋಚಿಸಿಯಾನು.